ಅಕ್ಕನ ಜೊತೆ ಹೋದ ಪಟಗಳು

ನಮ್ಮ ಅಪ್ಪನಿಗೆ ಉಡುಪಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇತ್ತು. ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬಂದವರು ಅಲ್ಲಿಂದ ಸುರುಳಿ ಸುತ್ತಿ ತಂದ ಚಿತ್ರವನ್ನು ಅಪ್ಪನ ಮೇಜಿನ ಮೇಲೆ ಬಿಡಿಸಿ, ಮೂಲೆಗಳಿಗೆ ಏನಾದರೊಂದು ಭಾರ ಇಟ್ಟು, ತಾವು ಎಲ್ಲಿ ಮಿಂದೆವು, ಎಲ್ಲಿ ಸಾಲಿನಲ್ಲಿ ನಿಂತೆವು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಕ ಶಾಲೆ ಬಿಟ್ಟೊಡನೆ ಅಂಗಡಿಗೆ ಓಡುತ್ತಿದ್ದದ್ದು ಅದನ್ನು ಕೇಳಲಿಕ್ಕೆ. ನನಗೆ ಗಾಜು ಕೊಯ್ಯುವ ಸದ್ದಿಗೇ ಹಲ್ಲು ಜುಮ್ಮೆನ್ನುತ್ತಿತ್ತು. ನಾನು ಮನೆಯಲ್ಲೇ ಉಳಿಯುತ್ತಿದ್ದೆ.

ಅಕ್ಕ ಎಂಜಿನಿಯರ್ ಆದಳು. ಬೆಂಗಳೂರಿನ ಭಾವನನ್ನು ಮದುವೆಯಾದಳು. ಇಬ್ಬರೂ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಗಳಲ್ಲಿ ಕೆಲಸಕ್ಕಿದ್ದು, ಮೀರಾ ಮೇಸಾದಲ್ಲಿ ಮನೆ ಮಾಡಿಕೊಂಡಿದ್ದರು. ಅವರಿಗೆ ಒಬ್ಬಳೇ ಮಗಳು. ನಾನು ಫಾರ್ಮಸಿ ಓದಿ ಲಾಸ್ ಏಂಜಲೀಸ್ ಕಡೆಗೆ ಬಂದವಳು. ಮನೆ ಡೈಮಂಡ್ ಬಾರ್‌ನಲ್ಲಿ, ಕೆಲಸ ವೆಸ್ಟ್ ಕೊವಿನಾದ ಒಂದು ಔಷಧಿ ಅಂಗಡಿಯಲ್ಲಿ. ಅಕ್ಕನ ಮನೆಗೂ ನಮ್ಮ ಮನೆಗೂ ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆಯ ಡ್ರೈವ್. ಟ್ರಾಫಿಕ್ ಇಲ್ಲದ ದಿನ ನನಗೆ ನೆನಪಿಲ್ಲ.

೨೦೨೦ರ ಜನವರಿಯಲ್ಲಿ ಅಕ್ಕ ಫೋನ್ ಮಾಡಿದಳು. ಅವಳ ಸ್ವರದಲ್ಲಿ ಉತ್ಸಾಹ ಉಕ್ಕುತ್ತಿತ್ತು.

"ಎಂತ ಸಿಕ್ಕಿತು ಹೇಳು ನೋಡುವ! ಜಪಾನಿನವರ ದೇವರ ಪಟ, ಮಾರಾಯ್ತಿ. ಒಂದು ಕಟ್ಟು ಉಂಟು."

ಅವರ ಮನೆಯಿಂದ ಮೂರು ಬೀದಿ ಆಚೆ ಒಬ್ಬ ಜಪಾನಿ ಅಜ್ಜಿ ತೀರಿಕೊಂಡಿದ್ದರು. ಅವರ ಮಕ್ಕಳು ದೂರದ ಊರುಗಳಿಂದ ಬಂದು ಮನೆಯ ಸಾಮಾನುಗಳನ್ನೆಲ್ಲ ಎಸ್ಟೇಟ್ ಸೇಲ್‌ಗೆ, ಎಂದರೆ ಮನೆಯಲ್ಲೇ ಮಾರಾಟಕ್ಕೆ, ಇಟ್ಟಿದ್ದರು. ಅಕ್ಕ ಹೋದದ್ದು ಹೂಕುಂಡಗಳಿಗಾಗಿ. ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಸೀರೆಯಂಥ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾಗದಗಳನ್ನು ನೋಡಿದವಳು ಹೂಕುಂಡಗಳನ್ನು ಮರೆತೇಬಿಟ್ಟಳು.

ಮುಂದಿನ ವಾರವೇ ನಾನು ಹೋಗಿ ನೋಡಿದೆ. ಊಟದ ಮೇಜನ್ನು ಎರಡು ಸಲ ಒರೆಸಿ, ಒಣಗಿಸಿ, ಆಮೇಲೆ ಅಕ್ಕ ಒಂದೊಂದನ್ನೇ ಬಿಡಿಸಿದಳು. ಈರುಳ್ಳಿಯ ಸಿಪ್ಪೆಯಷ್ಟು ತೆಳು ಕಾಗದ. ಮಡಿಕೆ ಬಿದ್ದಲ್ಲೆಲ್ಲ ಸವೆದು ತೂತಾಗಿತ್ತು, ಅಂಚಿನಲ್ಲಿ ಹುಳ ತಿಂದಿತ್ತು. ಮರದ ಅಚ್ಚಿನಿಂದ ಒತ್ತಿದ ಕಪ್ಪು ಗೆರೆಯ ಚಿತ್ರಗಳು. ಹಕ್ಕಿಯೊಂದು ಮೇಲಿನಿಂದ ನೋಡಿದರೆ ಕಾಣುವ ಹಾಗೆ ಒಂದು ಬೆಟ್ಟ, ಬೆಟ್ಟದ ತುಂಬ ಮೆಟ್ಟಿಲು, ಮೆಟ್ಟಿಲ ಕೊನೆಯಲ್ಲಿ ದೇವಸ್ಥಾನ, ನಡುವೆ ಪಟ್ಟಿ ಪಟ್ಟಿಯಾಗಿ ಮೋಡ. ಮಂಟಪ, ಕೆರೆ, ಗಂಟೆ, ಪ್ರತಿಯೊಂದರ ಪಕ್ಕವೂ ಸಣ್ಣ ಚೌಕದೊಳಗೆ ಅದರ ಹೆಸರು. ಮೆಟ್ಟಿಲುಗಳ ಮೇಲೆ ಅಕ್ಕಿ ಕಾಳಿನಷ್ಟು ಚಿಕ್ಕ ಮನುಷ್ಯರು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆಯಂಥ ಟೋಪಿ, ಕೈಯಲ್ಲಿ ಕೋಲು. ಕೆಲವಕ್ಕೆ ಯಾರೋ ಕೈಯಿಂದ ಗುಲಾಬಿ, ಹಸಿರು ಬಣ್ಣ ಬಳಿದಿದ್ದರು. ಬಣ್ಣ ಗೆರೆ ದಾಟಿ ಹೋಗಿತ್ತು.

"ದೊಡ್ಡ ಕಲಾವಿದರದ್ದೆಲ್ಲ ಅಲ್ಲ ಇದು," ಎಂದಳು ಅಕ್ಕ. "ಯಾತ್ರೆಗೆ ಹೋದವರು ಅಲ್ಲಿಯೇ ಕೊಂಡು ಮನೆಗೆ ತಂದದ್ದು. ಬರಲಿಕ್ಕೆ ಆಗದವರಿಗೆ ತೋರಿಸಲಿಕ್ಕೆ. ಅಪ್ಪನ ಅಂಗಡಿಗೆ ಬರ್ತಿತ್ತಲ್ಲ, ಹಾಗೇ."

ಭಾವ ಸೋಫಾದಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದರು. ಮಗಳು ಆ ವಾರ ಮನೆಗೆ ಬಂದಿದ್ದಳು, ಹತ್ತಿರ ಬಂದು ಒಂದು ಕ್ಷಣ ಬಗ್ಗಿ ನೋಡಿ, "ಕ್ಯೂಟ್," ಎಂದು ಹೊರಟುಹೋದಳು. ಅವಳು ಆಗಷ್ಟೇ ಓದು ಮುಗಿಸಿ ಲಾಸ್ ಏಂಜಲೀಸಿನ ಒಂದು ಆರ್ಕಿಟೆಕ್ಟ್ ಆಫೀಸಿಗೆ ಸೇರಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ.

ಪಟಗಳ ಮೇಲಿದ್ದದ್ದನ್ನು ಓದುವವರು ನಮಗೆ ಸಿಕ್ಕಿದ್ದು ನಾನು ಕೆಲಸ ಮಾಡುವ ಅಂಗಡಿಯಲ್ಲಿ. ಎಂಬತ್ತು ದಾಟಿದ ಒಬ್ಬ ಜಪಾನಿ ಹಿರಿಯರು ಹೆಂಡತಿಯ ಔಷಧಿಗಾಗಿ ಬರುತ್ತಿದ್ದರು. ಸದಾ ಇಸ್ತ್ರಿ ಹಾಕಿದ ಅಂಗಿ, ಮಾತು ಕಡಿಮೆ. ಒಂದು ದಿನ ಅಳುಕುತ್ತಲೇ ನನ್ನ ಫೋನಿನಲ್ಲಿದ್ದ ಒಂದು ಪಟದ ಫೋಟೋ ತೋರಿಸಿದೆ. ಅವರು ಕನ್ನಡಕ ತೆಗೆದು ಫೋನನ್ನು ಮೂಗಿನ ಹತ್ತಿರ ಹಿಡಿದರು. ಬೆರಳಿನಿಂದ ಚಿತ್ರವನ್ನು ಮೇಲೆ ಕೆಳಗೆ ಸರಿಸಿ ನೋಡಿದರು.

"ಇದು ನನ್ನ ಅಮ್ಮನ ಹತ್ತಿರ ಇತ್ತು," ಎಂದರು ಕೊನೆಗೆ, ಇಂಗ್ಲಿಷಿನಲ್ಲಿ. "ಇದೇ ಅಲ್ಲ, ಇಂಥದ್ದು."

ಅವರ ಊರಿನ ಕಡೆ ಕರುಣೆಯ ದೇವಿಯ ಮೂವತ್ತಮೂರು ಕ್ಷೇತ್ರಗಳಿವೆ, ಒಂದಾದ ಮೇಲೊಂದು ನಡೆದು ಮುಗಿಸುವ ಯಾತ್ರೆ ಅದು, ಅಕ್ಕನ ಪಟಗಳು ಆ ಕ್ಷೇತ್ರಗಳವು ಎಂದು ಅವರಿಂದ ತಿಳಿಯಿತು. ಅಕ್ಕನ ಕಟ್ಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇದ್ದವು, ಉಳಿದವು ಎಲ್ಲಿ ಹೋದವೋ. ಆ ದೇವಿ ನಮ್ಮ ಬೌದ್ಧರ ಅವಲೋಕಿತೇಶ್ವರನೇ, ಅಲ್ಲಿ ಹೆಣ್ಣಿನ ರೂಪ ತಾಳಿದ್ದು ಎಂದು ಅಕ್ಕ ಅದೇ ವಾರ ಓದಿ ಕಂಡುಕೊಂಡಳು.

"ಕದ್ರಿಯಲ್ಲಿ ಉಂಟಲ್ಲ ಲೋಕೇಶ್ವರ, ಅದೇ! ಅಪ್ಪ ನಮ್ಮನ್ನು ಕರ್ಕೊಂಡು ಹೋಗಿದ್ದರು, ನೆನಪುಂಟಾ? ನೀನು ಬಸ್ಸಲ್ಲಿ ವಾಂತಿ ಮಾಡಿದ್ದೆ."

ಅಂದಿನಿಂದ ಅವಳಿಗೆ ಒಂದೇ ಧ್ಯಾನ. ಆ ವರ್ಷದ ಚಳಿಗಾಲಕ್ಕೆ ಮುಂಚೆ ನಾವಿಬ್ಬರೂ ಜಪಾನಿಗೆ ಹೋಗಬೇಕು, ಪಟಗಳನ್ನು ಕೈಯಲ್ಲಿ ಹಿಡಿದು ಆ ಮೆಟ್ಟಿಲು ಹತ್ತಬೇಕು. ಭಾವನಿಗೆ ನಡೆಯುವುದೆಂದರೆ ಆಗದು, ಅವರು ಮನೆಯಲ್ಲಿರಲಿ. ನಾನೂ ಅಂಗಡಿಯಲ್ಲಿ ರಜೆ ಹೇಳಿಟ್ಟೆ. ಇಬ್ಬರೂ ಒಂದೇ ಬಣ್ಣದ ನಡಿಗೆಯ ಬೂಟು ಕೊಂಡೆವು. ಅಷ್ಟರಲ್ಲಿ ಮಾರ್ಚ್ ಬಂತು, ಊರೆಲ್ಲ ಬಾಗಿಲು ಹಾಕಿತು. ಜಪಾನಂತೂ ಹೊರಗಿನವರಿಗೆ ಗಡಿಯನ್ನೇ ಮುಚ್ಚಿತು.

ನಾನು ದಿನವಿಡೀ ಮಾಸ್ಕ್ ಹಾಕಿಕೊಂಡು ಪ್ಲಾಸ್ಟಿಕ್ ಪರದೆಯ ಹಿಂದೆ ನಿಂತು ಔಷಧಿ ಕೊಡುತ್ತಿದ್ದೆ. ಸೋಂಕು ಅಂಟಿಸಿಬಿಟ್ಟೇನೆಂದು ಅಕ್ಕನ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಆಗ ಅಕ್ಕ ಹೊಸ ಪದ್ಧತಿ ಶುರು ಮಾಡಿದಳು. ಶನಿವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಒಂದು ಪಟವನ್ನು ಎತ್ತಿ ಹಿಡಿದು, "ಇವತ್ತು ಇಲ್ಲಿಗೆ ಹೋಗುವ," ಎನ್ನುತ್ತಿದ್ದಳು. ಆ ವಾರವಿಡೀ ಆ ಕ್ಷೇತ್ರದ ಬಗ್ಗೆ ಸಿಕ್ಕಿದ್ದೆಲ್ಲ ಓದಿರುತ್ತಿದ್ದಳು. ಅಗರಬತ್ತಿಯ ಕಡ್ಡಿಯಿಂದ ತೋರಿಸುತ್ತ ಬಾಗಿಲಿನಿಂದ ಮೇಲಕ್ಕೆ ಹೊರಡುತ್ತಿದ್ದಳು. ಇದು ಕೈಕಾಲು ತೊಳೆಯುವ ಜಾಗ. ಇಲ್ಲಿ ಒಂದು ಚಹದ ಅಂಗಡಿ, ನೋಡು, ಮುದುಕಿಯೊಬ್ಬಳು ಕಾಲು ನೀಡಿ ಕೂತಿದ್ದಾಳೆ. ಇದು ಜಲಪಾತ. ನಾನು ಅನ್ನಕ್ಕಿಟ್ಟು, ಪಲ್ಯಕ್ಕೆ ಹೆಚ್ಚುತ್ತ ಕೇಳುತ್ತಿದ್ದೆ. ಆಗಾಗ ಸ್ಕ್ರೀನ್‌ಶಾಟ್ ತೆಗೆದದ್ದೂ ಉಂಟು. ಅವುಗಳಲ್ಲಿ ಪಟಕ್ಕಿಂತ ಅಕ್ಕನ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತದೆ.

ಓದಲು ಬಾರದ್ದನ್ನು ಅವಳು ಆ ಹಿರಿಯರಿಗೆ ಫೋನ್ ಮಾಡಿ ಕೇಳುತ್ತಿದ್ದಳು. ನಂಬರ್ ಕೊಟ್ಟದ್ದು ಅವರೇ. ಹೆಂಡತಿ ಕಾಯಿಲೆಯಿಂದ ಮಾತು ನಿಲ್ಲಿಸಿ ವರ್ಷವಾಗಿತ್ತು, ಮನೆಯಲ್ಲಿ ಮಾತಾಡುವವರಿರಲಿಲ್ಲ. ಅವರಿಬ್ಬರೂ ಒಮ್ಮೆಯೂ ಮುಖತಃ ಭೇಟಿಯಾಗಲಿಲ್ಲ. ಆದರೂ ಅಂಗಡಿಗೆ ಬಂದಾಗ ಅವರು ನನ್ನನ್ನು ಕೇಳುತ್ತಿದ್ದದ್ದು, "ನಿಮ್ಮ ಅಕ್ಕ ಈಗ ಯಾವ ದೇವಸ್ಥಾನದಲ್ಲಿದ್ದಾರೆ?" ಎಂದು.

೨೦೨೧ರ ವಸಂತದಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದು ತಾನೇ ಹೇಳಿಕೊಂಡು ಒಂದಷ್ಟು ದಿನ ತಳ್ಳಿದಳು. ಸ್ಕ್ಯಾನ್ ಮಾಡಿದಾಗ ಅಂಡಾಶಯದ ಕ್ಯಾನ್ಸರ್, ಆಗಲೇ ಹರಡಿದೆ ಎಂದರು. ಅವಳು ನನಗೆ ಫೋನ್ ಮಾಡಿ ಹೇಳಿದ್ದು ಎರಡೇ ಮಾತು. "ನಿನಗೆ ಔಷಧಿಯ ಹೆಸರೆಲ್ಲ ಗೊತ್ತಾಗ್ತದೆ. ನನಗೆ ಅದರ ಅರ್ಥ ಹೇಳಬೇಡ."

ಆಮೇಲೆ ನನ್ನ ವಾರಾಂತ್ಯಗಳೆಲ್ಲ ಹದಿನೈದನೇ ಫ್ರೀವೇಯ ಮೇಲೆ ಕಳೆದವು. ಕರೋನಾ ಎಂಬ ಹೆಸರಿನ ಊರು ದಾಟಿ, ಟೆಮೆಕ್ಯುಲಾದ ಬೋಳು ಗುಡ್ಡಗಳನ್ನು ಇಳಿದು, ಬೆಣ್ಣೆಹಣ್ಣಿನ ತೋಟಗಳ ಪಕ್ಕದಲ್ಲಿ ಹಾದು, ಎಸ್ಕೊಂಡಿಡೊ ಬಂದಾಗ ಭಾವನಿಗೆ ಫೋನ್ ಮಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ಗಂಜಿಯ ಅಕ್ಕಿ, ತಿಳಿಸಾರಿನ ಡಬ್ಬಿ. ಅವಳು ಒಂದು ಚಮಚ ಬಾಯಿಗಿಟ್ಟು, "ರುಚಿ ಉಂಟು, ಆದರೆ ನನ್ನ ಬಾಯಿಗೆ ಗೊತ್ತಾಗುದಿಲ್ಲ," ಎನ್ನುತ್ತಿದ್ದಳು.

ಮಗಳು ಆಫೀಸಿಗೆ ಹೇಳಿ ಮನೆಯಿಂದಲೇ ಕೆಲಸ ಮಾಡುವಂತೆ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಬಂದಳು. ಅವಳಿಗೂ ಅಮ್ಮನಿಗೂ ಮೊದಲಿನಿಂದ ಅಂಥ ಸಲುಗೆ ಇರಲಿಲ್ಲ. ಒಬ್ಬರಿಗೊಬ್ಬರು ಜೋರು ಮಾಡುವುದೇ ಹೆಚ್ಚು. ಆದರೆ ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದಾಗ ಇಬ್ಬರೂ ಮಂಚದ ಮೇಲೆ ಪಟ ಹರಡಿಕೊಂಡು ಕೂತಿದ್ದರು. ಮಗಳು ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬೆಟ್ಟವನ್ನು ಸೀಳಿ ತೋರಿಸುವ ಅಡ್ಡಕೊಯ್ತ ಬರೆಯುತ್ತಿದ್ದಳು. ಇದನ್ನು ಬರೆದವನು ಒಂದೇ ಜಾಗದಲ್ಲಿ ನಿಂತು ಬರೆದದ್ದಲ್ಲ, ಯಾತ್ರಿಕ ನಡೆದ ಹಾಗೆ ಅವನ ಕಣ್ಣೂ ನಡೆದಿದೆ, ಆದ್ದರಿಂದ ಹಿಂದಿನ ಮಂಟಪವೂ ಮುಂದಿನಷ್ಟೇ ದೊಡ್ಡದು ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಅಕ್ಕ ದಿಂಬಿಗೆ ಒರಗಿ, ಪಟವನ್ನು ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದಳು. ನಾನು ಚಹ ಅಲ್ಲಿಟ್ಟು ಹೊರಗೆ ಬಂದೆ.

ಭಾವ ಆ ಕೋಣೆಯಲ್ಲಿ ಕೂರುತ್ತಿದ್ದದ್ದು ಕಡಿಮೆ. ಅವರು ಕೆಲಸಕ್ಕೆ ಓಡಾಡುವ ಮನುಷ್ಯ. ಅಪಾಯಿಂಟ್‌ಮೆಂಟ್, ಇನ್ಶೂರೆನ್ಸಿನವರ ಜೊತೆ ಫೋನು, ಕೀಮೋಗೆ ಕರೆದೊಯ್ಯುವುದು, ಕರೆತರುವುದು, ಎಲ್ಲ ಅವರೇ. ಅಕ್ಕ ಅವರ ಜೊತೆ ಮಾತಾಡಿದರೆ ಕಾರಿನಲ್ಲಿ ಮಾತಾಡಬೇಕು, ಅಷ್ಟೇ.

ನಡುವೆ ಕೆಲವು ತಿಂಗಳು ಅವಳು ಚೇತರಿಸಿಕೊಂಡಳು. ಕೂದಲು ಬೆಳ್ಳಗೆ, ಮೃದುವಾಗಿ ಮತ್ತೆ ಹುಟ್ಟಿತು. "ಗಡಿ ತೆಗೆದರಾ?" ಎಂದು ಆ ಹಿರಿಯರನ್ನು ಕೇಳುತ್ತಿದ್ದಳು. ಪ್ರತಿ ಸಲವೂ ಅವರದು ಒಂದೇ ಉತ್ತರ, ಇನ್ನೂ ಇಲ್ಲ, ಬಹುಶಃ ಮುಂದಿನ ಋತುವಿಗೆ. ೨೦೨೨ರ ಜೂನಿನಲ್ಲಿ ಒಂದು ಬೆಳಗ್ಗೆ, ನಾವು ಮೂವರೂ ಸುತ್ತ ಇರುವಾಗಲೇ, ಅಕ್ಕ ಹೋದಳು. ಕಿಟಕಿಯ ಹೊರಗೆ ಪಕ್ಕದ ಮನೆಯವರ ಸ್ಪ್ರಿಂಕ್ಲರ್ ಸುತ್ತುತ್ತಿತ್ತು. ಮಗಳು ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಫ್ಯೂನರಲ್ ಹೋಮ್‌ನಲ್ಲಿ ಅವಳಿಗೆ ಸೀರೆ ಉಡಿಸಿದ್ದು ನಾನು ಮತ್ತು ಅವಳ ಇಬ್ಬರು ಗೆಳತಿಯರು. ಎಲೆಹಸಿರಿನ ಕಂಚಿ ಸೀರೆ. ತೂಕ ಇಳಿದು ನೆರಿಗೆಯೇ ನಿಲ್ಲುತ್ತಿರಲಿಲ್ಲ. ಆಮೇಲೆ ಭಾವ, "ಎರಡು ನಿಮಿಷ ನಾನೊಬ್ನೇ ಇರ್ತೀನಮ್ಮ," ಎಂದರು. ನಾವು ಹೊರಗೆ ಬಂದು ಬಂದವರಿಗೆ ಕೂರಲು ಹೇಳಿದೆವು. ಪುರೋಹಿತರು ಚುಟುಕಾಗಿ ಕ್ರಿಯೆ ಮುಗಿಸಿದರು. ಬಾಯಿಗೆ ತುಳಸಿ ನೀರು ಬಿಟ್ಟೆವು. ಭಾವ ದಹನದ ಯಂತ್ರದ ಗುಂಡಿ ಒತ್ತಿದರು. ಅಲ್ಲಿ ಅಷ್ಟೇ ಕೆಲಸ.

ಹದಿಮೂರನೆಯ ದಿನದ ಊಟ ಮುಗಿದ ಮರುದಿನ ನಾನು ಅಡುಗೆಮನೆಯಲ್ಲಿ ಬೇರೆಯವರ ಪಾತ್ರೆಗಳನ್ನು ಬೇರೆ ಮಾಡಿ ಇಡುತ್ತಿದ್ದೆ. ಭಾವ ಮೇಜಿನ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದರು. ಮಗಳು ಒಳಗಿನಿಂದ ಬಂದು, ಬೀರುವಿನಲ್ಲಿ ಪಟಗಳ ಕಟ್ಟು ಕಾಣುತ್ತಿಲ್ಲ, ನಾನೇನಾದರೂ ತೆಗೆದಿಟ್ಟಿದ್ದೇನೆಯೇ ಎಂದು ಕೇಳಿದಳು. ನಾನು ಇಲ್ಲ ಎಂದೆ.

ಭಾವ ಲೋಟ ಕೆಳಗಿಟ್ಟರು. "ಅಮ್ಮನ ಜೊತೆ ಕಳಿಸ್ದೆ," ಎಂದರು.

"ಕಳಿಸ್ದೆ ಅಂದ್ರೆ?" ನಾನೇ ಕೇಳಿದೆ.

"ಸೀರೆ ಒಳಗೆ ಇಟ್ಟೆ. ಎದೆ ಹತ್ರ. ಅವಳು ಹೋಗ್ಬೇಕು ಹೋಗ್ಬೇಕು ಅಂತ ಇದ್ಲು, ಆಗ್ಲಿಲ್ಲ. ಅದಾದ್ರೂ ಜೊತೇಲಿ ಹೋಗ್ಲಿ ಅಂತ."

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತಳು.

"ಯೂ ಬರ್ನ್ಡ್ ದೆಮ್?"

ಭಾವ ಲೋಟದ ಅಂಚನ್ನು ಬೆರಳಿನಿಂದ ಒರೆಸಿದರು.

"ಆಲ್ ಆಫ್ ದೆಮ್, ಅಪ್ಪ? ನಾಟ್ ಈವನ್ ಒನ್ ಲೆಫ್ಟ್?"

ಅವಳು ಕಿರುಚಿದ್ದರೆ ಚೆನ್ನಾಗಿತ್ತು. ಹಾಗೆ ಮಾಡಲಿಲ್ಲ. ಈ ಮನೆಯಲ್ಲಿ ತನಗೆ ಬೇಕಾಗಿದ್ದದ್ದು ಅದೊಂದೇ, ಒಡವೆಯಲ್ಲ, ಸೀರೆಯಲ್ಲ, ಅದೊಂದೇ ಎಂದು ಸಣ್ಣ ಸ್ವರದಲ್ಲಿ ಹೇಳಿದಳು. ತಾವಿಬ್ಬರೂ ಬೆರಳಿಟ್ಟು ನೋಡಿದ ಕಾಗದಗಳು ಅವು. ಅವುಗಳನ್ನು ಸುಡುವ ಮುಂಚೆ ಯಾರೂ ಅವಳನ್ನು ಒಂದು ಮಾತು ಕೇಳಬೇಕೆಂದುಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಬ್ಯಾಗು ಕಟ್ಟಿಕೊಂಡು ಲಾಸ್ ಏಂಜಲೀಸಿಗೆ ಹೊರಟಳು. ಭಾವ ಬಾಗಿಲವರೆಗೆ ಬಂದರು. ಅವಳು ತಿರುಗಿ ನೋಡಲಿಲ್ಲ.

ಅಲ್ಲಿಂದ ಮುಂದೆ ಅಪ್ಪ ಮಗಳ ಮಾತು ನಿಂತಿತು. ಯಾರ ಕಡೆ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ. ಮಗಳು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಅಪ್ಪನ ಮಾತೆತ್ತಿದರೆ, "ಪ್ಲೀಸ್, ಚಿಕ್ಕಮ್ಮ," ಎಂದು ತಟ್ಟೆ ನೋಡುತ್ತಿದ್ದಳು. ಅವಳು ಹೋದ ಮೇಲೆ ಭಾವನ ಫೋನು. "ಬಂದಿದ್ಲಾ? ಊಟ ಸರಿಯಾಗಿ ಮಾಡಿದ್ಲಾ? ಸಣ್ಣ ಆಗಿದಾಳಾ?" ಅವಳು ತಿಂದದ್ದನ್ನೆಲ್ಲ ನಾನು ಹೇಳುತ್ತಿದ್ದೆ. ಅವರು "ಹ್ಞೂಂ" ಎನ್ನುತ್ತ ಕೇಳುತ್ತಿದ್ದರು. ಆ ವರ್ಷದ ದೀಪಾವಳಿಗೆ ಸ್ಯಾನ್ ಡಿಯಾಗೋದ ಮನೆಯಲ್ಲಿ ದೀಪ ಹಚ್ಚಲಿಲ್ಲ.

ನನ್ನ ಫೋನಿನಲ್ಲಿದ್ದ ಸ್ಕ್ರೀನ್‌ಶಾಟುಗಳನ್ನು ಹುಡುಕಿ ಇಬ್ಬರಿಗೂ ಕಳುಹಿಸಿದೆ. ಎಲ್ಲ ಮಸುಕು. ಮಗಳು ಒಂದು ಹೃದಯದ ಚಿತ್ರ ಹಾಕಿ ಸುಮ್ಮನಾದಳು. ಆಮೇಲೆ ಒಂದು ದಿನ, ಅದರಲ್ಲಿ ಪಟ ಏನೂ ಕಾಣುವುದಿಲ್ಲ, ಅಮ್ಮನ ಉಗುರು ಕಾಣುತ್ತದೆ, ನೋಡಲು ಆಗುವುದಿಲ್ಲ ಎಂದಳು.

ಅಕ್ಟೋಬರಿನಲ್ಲಿ ಆ ಹಿರಿಯರು ಫ್ಲೂ ಚುಚ್ಚುಮದ್ದಿಗೆಂದು ಅಂಗಡಿಗೆ ಬಂದರು. ಅಕ್ಕ ತೀರಿಕೊಂಡ ಸುದ್ದಿ ಅವರಿಗೆ ನಾನೇ ಫೋನಿನಲ್ಲಿ ತಿಳಿಸಿದ್ದೆ. ತೋಳಿನ ಗುಂಡಿ ಬಿಚ್ಚುತ್ತ ಮೆಲ್ಲಗೆ ಹೇಳಿದರು, "ಗಡಿ ತೆಗೆದರಂತೆ. ಈಗ ಯಾರು ಬೇಕಾದರೂ ಹೋಗಬಹುದು."

ಆ ಸುದ್ದಿಯನ್ನು ನಾನು ಯಾರಿಗೆ ಹೇಳಲಿ? ಸೂಜಿಯನ್ನು ತಟ್ಟೆಯಲ್ಲಿಟ್ಟೆ. ಒಂದು ನಿಮಿಷ ಎಂದು ಹೇಳಿ ಹಿಂದಿನ ಕೋಣೆಗೆ ಹೋಗಿ ಔಷಧಿಯ ಕಪಾಟುಗಳ ನಡುವೆ ನಿಂತುಕೊಂಡೆ. ಹೊರಗೆ ಬಂದಾಗ ಅವರು ಅಂಗಿಯ ತೋಳು ಮಡಚಿಕೊಂಡು ಹಾಗೆಯೇ ಕಾಯುತ್ತಿದ್ದರು.

ಚಳಿಗಾಲದಲ್ಲಿ ಭಾವ ಒಂದು ವಿಚಿತ್ರ ಕೆಲಸ ಶುರು ಮಾಡಿದರು. ಶನಿವಾರ ಭಾನುವಾರ ಬೆಳಗ್ಗೆ ಎದ್ದು ಸ್ವಾಪ್ ಮೀಟ್‌ಗಳಿಗೆ, ಹಳೆಯ ಸಾಮಾನಿನ ಸಂತೆಗಳಿಗೆ ಹೋಗತೊಡಗಿದರು. ಸ್ಯಾನ್ ಡಿಯಾಗೋದಲ್ಲಿ ಮುಗಿದ ಮೇಲೆ ಲಾಂಗ್ ಬೀಚ್, ಪಾಸಡೀನಾ. ಅಕ್ಕ ಬದುಕಿದ್ದಾಗ ಆ ಪಟಗಳನ್ನು ಒಂದು ಸಲವೂ ಸರಿಯಾಗಿ ನೋಡದಿದ್ದವರು ಈಗ ಪುಸ್ತಕದ ಅಂಗಡಿಯವರ ಮುಂದೆ ನಿಂತು, ತೆಳು ಕಾಗದ, ಕಪ್ಪು ಗೆರೆ, ಬೆಟ್ಟ, ಮೆಟ್ಟಿಲು ಎಂದು ಕೈಯಾಡಿಸಿ ವರ್ಣಿಸುತ್ತಿದ್ದರು. ಸಿಕ್ಕಿದ್ದರ ಫೋಟೋ ತೆಗೆದು ನನಗೆ ಕಳುಹಿಸಿ, "ಇದಾ?" ಎಂದು ಕೇಳುತ್ತಿದ್ದರು. ಬೀಸಣಿಗೆ, ಹೂವಿನ ಚಿತ್ರ, ಒಮ್ಮೆ ಒಂದು ಚೀನಾದ ಕ್ಯಾಲೆಂಡರ್. ಯಾವುದೂ ಅಲ್ಲ.

ಫೆಬ್ರವರಿಯಲ್ಲಿ ಅವರಿಗೆ ನಿಜವಾಗಿಯೂ ಒಂದು ಸಿಕ್ಕಿತು. ಅದೇ ಬಗೆಯ ಕಾಗದ, ಅದೇ ಬಗೆಯ ಮೆಟ್ಟಿಲುಗಳು. ನಾನು ಫೋಟೋವನ್ನು ಆ ಹಿರಿಯರಿಗೆ ತೋರಿಸಿದೆ.

"ಯಾತ್ರೆಯವರ ಪಟವೇ," ಎಂದರು ಅವರು. "ಆದರೆ ಆ ಮೂವತ್ತಮೂರರಲ್ಲಿ ಒಂದಲ್ಲ. ಇದು ಬೇರೆ ದ್ವೀಪ, ಬೇರೆ ದೇವರು. ಸಮುದ್ರಕ್ಕೆ ಹೋಗುವವರು ಹರಕೆ ಹೊರುವ ಜಾಗ." ನನ್ನ ಮುಖ ನೋಡಿ ಸೇರಿಸಿದರು, "ಇದೂ ಒಳ್ಳೆಯ ಜಾಗ."

ಭಾವನಿಗೆ ಹೇಳಿದೆ. ಅವರು, "ಪರ್ವಾಗಿಲ್ಲ, ತರ್ತೀನಿ," ಎಂದರು.

ಯುಗಾದಿಗೆ ಇಬ್ಬರನ್ನೂ ಊಟಕ್ಕೆ ಕರೆದೆ. ಇನ್ನೊಬ್ಬರು ಬರುತ್ತಾರೆಂದು ಇಬ್ಬರಿಗೂ ಹೇಳಿಯೇ ಕರೆದದ್ದು. ಮಗಳು ಬರಲಾರಳು ಎಂದುಕೊಂಡಿದ್ದೆ, ಬಂದಳು. ಭಾವ ಪಟವನ್ನು ಎರಡು ರಟ್ಟುಗಳ ನಡುವೆ ಇಟ್ಟು ತಂದಿದ್ದರು. ಅಂಗಿ ದೊಗಳೆಯಾಗಿತ್ತು, ಒಂದು ಕಿವಿಯ ಹತ್ತಿರ ಕ್ಷೌರ ಸರಿಯಾಗಿರಲಿಲ್ಲ. ಹೋಳಿಗೆ ಬಡಿಸುವವರೆಗೆ ಬರೀ ಅಡುಗೆಯ, ಟ್ರಾಫಿಕ್ಕಿನ ಮಾತು. ಆಮೇಲೆ ಭಾವ ರಟ್ಟು ಬಿಚ್ಚಿ ಪಟವನ್ನು ಮಗಳ ಕಡೆಗೆ ಸರಿಸಿದರು.

"ಅದೇ ಅಲ್ಲ," ಎಂದರು. "ಹುಡುಕ್ತಾ ಇದೀನಿ."

ಮಗಳು ಅದನ್ನು ನೋಡಿದಳು. ಮುಟ್ಟಲಿಲ್ಲ.

"ಅಪ್ಪ, ಅಮ್ಮ ಏನ್ ಹೇಳಿದ್ಲು? ಎಗ್ಸಾಕ್ಟ್ಲಿ?" ಆ ಪ್ರಶ್ನೆಯನ್ನು ಅವಳು ಕನ್ನಡದಲ್ಲಿ ಕೇಳಿದಳು.

ಭಾವ ಕೈ ಒರೆಸಿಕೊಂಡರು. "ಕೀಮೋ ಮುಗಿಸ್ಕೊಂಡು ಬರ್ತಾ ಇದ್ವಿ. ಕಾರಲ್ಲಿ. ಆ ಜಪಾನಿ ಅಂಕಲ್ ಹೇಳಿದ್ದು ಅಂತ ಹೇಳಿದ್ಲು. ಅವರಮ್ಮ ಹೋದಾಗ, ಯಾತ್ರೇಲಿ ಹಾಕ್ಕೊಂಡಿದ್ದ ಬಿಳಿ ಅಂಗಿ, ಅಲ್ಲಿಂದ ತಂದಿದ್ದ ಪಟ, ಎಲ್ಲ ಅವರ ಜೊತೆ ಪೆಟ್ಟಿಗೇಲಿಟ್ರಂತೆ. ಅವರ ಕಡೆ ಹಾಗೆ ಮಾಡ್ತಾರಂತೆ, ಆ ಲೋಕಕ್ಕೆ ಹೋದಾಗ ತೋರಿಸೋಕೆ. ಇಷ್ಟು ಹೇಳಿ ನಕ್ಳು. 'ನಾನು ನಡೆದದ್ದೂ ಇಲ್ಲ, ಅಂಗಿಯೂ ಇಲ್ಲ, ಬರೀ ಪಟ ಉಂಟು. ನನ್ನನ್ನು ಒಳಗೆ ಬಿಡ್ತಾರೋ ಇಲ್ವೋ' ಅಂದ್ಲು."

"ದಟ್ಸ್ ಇಟ್?"

"ಅಷ್ಟೇ."

"ಹಾಗೆ ಮಾಡಿ ಅಂತ ಹೇಳ್ಲಿಲ್ಲ."

"ಇಲ್ಲ." ಭಾವ ತಲೆ ಅಲ್ಲಾಡಿಸಿದರು. "ನಂಗೆ ಹಾಗೆ ಕೇಳಿಸ್ತು ಕಣೇ. ಅವಳು ನನ್ ಹತ್ರ ಏನೂ ಕೇಳ್ತಾ ಇರ್ಲಿಲ್ಲ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನೂ ಕೇಳ್ದೋಳಲ್ಲ. ಹಾಗಾಗಿ ಅದೇ ಕೇಳಿದ್ದು ಅಂದ್ಕೊಂಡೆ."

ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು. ಅಮ್ಮ ತನಗೂ ಒಂದು ಮಾತು ಹೇಳಿದ್ದಳಂತೆ, ಮಂಚದ ಮೇಲೆ ಪಟ ಹರಡಿಕೊಂಡಿದ್ದಾಗ. ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸಲಿಲ್ಲ. ಅಕ್ಕನ ಉಡುಪಿಯ ಧಾಟಿಯಲ್ಲೇ ಹೇಳಿದಳು. "'ಇದನ್ನೆಲ್ಲ ನೀನು ಇಟ್ಟುಕೋ. ನಿನಗೆ ಅರ್ಥ ಆಗ್ತದೆ.'"

"ನಂಗೊತ್ತಿರ್ಲಿಲ್ಲ," ಎಂದರು ಭಾವ.

"ಐ ನೋ."

ನನಗೆ ಅಕ್ಕ ಏನೂ ಹೇಳಿರಲಿಲ್ಲ. ಗಂಡನಿಗೆ ಒಂದು, ಮಗಳಿಗೆ ಒಂದು ಹೇಳಿ, ಎರಡೂ ಒಟ್ಟಿಗೆ ಆಗಲಾರದು ಎಂದು ಅವಳಿಗೆ ಹೊಳೆಯಲೇ ಇಲ್ಲವೇನೋ. ಅಥವಾ ಇಬ್ಬರಿಗೂ ಏನಾದರೂ ಕೊಡಬೇಕೆಂದು ಅನಿಸಿತೋ. ಇನ್ನು ಅದನ್ನು ಕೇಳುವ ಹಾಗಿಲ್ಲ. ಭಾವ ಮುಖಕ್ಕೆ ಅಂಗೈ ಒತ್ತಿಕೊಂಡು ಅತ್ತರು. ಅಕ್ಕ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಮಗಳು ಎದ್ದು ಅವರ ಕುರ್ಚಿಯ ಹಿಂದೆ ನಿಂತಳು. ಹೆಗಲ ಮೇಲೆ ಕೈ ಇಡಲೋ ಬೇಡವೋ ಎಂದು ಅವಳ ಕೈ ಎರಡು ಸಲ ಮುಂದೆ ಬಂದು ಹಿಂದೆ ಹೋಯಿತು. ಕೊನೆಗೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಳು.

ಅಂದೇ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಪಟ ನಮ್ಮ ಮನೆಯ ಮೇಜಿನ ಮೇಲೇ ಉಳಿಯಿತು. ಮುಂದಿನ ತಿಂಗಳು ಅವಳು ತಾನಾಗಿ ಅಪ್ಪನಿಗೆ ಒಂದು ಮೆಸೇಜ್ ಹಾಕಿದಳಂತೆ, ಹುಡುಕುವುದನ್ನು ಬಿಡಿ, ವಾರಾಂತ್ಯಕ್ಕೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು. ಭಾವ ಅದನ್ನು ನನಗೆ ಓದಿ ಹೇಳಿದರು. ಅವರು ಹುಡುಕುವುದನ್ನು ಬಿಟ್ಟರು. ಆ ಹಿರಿಯರ ಹೆಂಡತಿ ಆ ಬೇಸಿಗೆಯಲ್ಲಿ ತೀರಿಕೊಂಡರು. ಅವರು ಮಗನ ಜೊತೆ ಇರಲು ಬೇರೆ ರಾಜ್ಯಕ್ಕೆ ಹೊರಟಾಗ ಅಂಗಡಿಗೆ ಬಂದು, ಎರಡೂ ಕೈಗಳಿಂದ ನನಗೆ ಒಂದು ಡಬ್ಬಿ ಚಹ ಕೊಟ್ಟು, ತಲೆ ಬಾಗಿಸಿ ಹೋದರು.

ಅಕ್ಕನ ಎರಡನೆಯ ವರ್ಷದ ತಿಥಿಗೆ ನಾನು ಹಿಂದಿನ ದಿನವೇ ಸ್ಯಾನ್ ಡಿಯಾಗೋಗೆ ಹೋದೆ. ಯುಗಾದಿಯಂದು ಉಳಿದುಹೋಗಿದ್ದ ಪಟವನ್ನು ಭಾವ ಯಾವಾಗಲೋ ನಮ್ಮ ಮನೆಯಿಂದ ಒಯ್ದಿದ್ದರು. ಅದಕ್ಕೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದರು, ಅಕ್ಕನ ಫೋಟೋದಿಂದ ತುಸು ದೂರದಲ್ಲಿ. ಮಗಳು ಬೆಳಗ್ಗೆ ಬಂದಳು. ತುಂಬ ಹೊತ್ತು ಅದರ ಮುಂದೆ ನಿಂತಿದ್ದಳು.

"ಬೇಕಾದ್ರೆ ತಗೊಂಡು ಹೋಗು," ಎಂದರು ಭಾವ.

"ಬೇಡ ಅಪ್ಪ. ದಿಸ್ ಒನ್ ಈಸ್ ಯುವರ್ಸ್."

ಊಟವಾಯಿತು. ಪುರೋಹಿತರು ಹೊರಟರು. ಸಾರು ಚೆನ್ನಾಗಿದೆ ಎಂದು ಅವಳು ಇನ್ನೊಂದು ಸಲ ಹಾಕಿಸಿಕೊಂಡಳು. ಸಾರು ಮಾಡಿದ್ದು ಭಾವ. ಉಪ್ಪು ಹೆಚ್ಚಾಗಿತ್ತು. ಇವತ್ತು ಉಳಿದು ನಾಳೆ ಹೋಗಬಹುದಲ್ಲ ಎಂದು ಅವರು ಕೇಳಿದರು, ಅವಳು ಬೆಳಗ್ಗೆ ಮೀಟಿಂಗ್ ಇದೆ ಎಂದಳು. ಆದರೆ ಟ್ರಾಫಿಕ್ ಇಳಿಯಲಿ ಎಂದು ಸಂಜೆಯವರೆಗೆ ಕೂತಳು. ಮೂವರೂ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಹೆಚ್ಚು ಮಾತಿಲ್ಲದೆ ಕಾಫಿ ಕುಡಿದೆವು.

ಅವಳು ಹೊರಟಾಗ ಭಾವ ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಎಡಗಡೆಯ ಟೈರಿನ ಮುಂದೆ ಮೊಣಕಾಲೂರಿ ಕೂತು ಬೆರಳಿನಿಂದ ಒತ್ತಿ ನೋಡಿದರು.

"ಗಾಳಿ ಕಡಿಮೆ ಇದೆ," ಎಂದರು. "ಇರು, ಪಂಪ್ ತರ್ತೀನಿ."

"ಇಟ್ಸ್ ಫೈನ್, ಅಪ್ಪ," ಎಂದಳು ಅವಳು. ಆದರೂ ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಅವರು ಗ್ಯಾರೇಜಿನಿಂದ ಬರುವವರೆಗೆ ಕಾದು ನಿಂತಳು.